ದೊಡ್ಡಮ್ಮನನ್ನು ಹೊತ್ತೊಯ್ದ ಸೇತುವೆ

ಎಲ್ಲ ಎಡವಟ್ಟಿಗೂ ಕಾರಣ ಒಂದು ಎಳನೀರು.

ಹೆನ್ಸ್ಲಿ ಮದುವೆಯಾಗಬೇಕೆಂದಿದ್ದ ಶರೀನಳನ್ನು ಸಾಕಿ ಬೆಳೆಸಿದವಳು ದೊಡ್ಡಮ್ಮ ಲುಡ್ವಿನಾ. ಹುಡುಗಿಯನ್ನು ಕೊಡುವ ಊರು ಹೇಗಿದೆಯೋ ನೋಡಲೇಬೇಕೆಂದು ಆಕೆ ಬೊನೇರ್ ದ್ವೀಪದಿಂದ ಬೆಳಗಿನ ವಿಮಾನಕ್ಕೆ ಹೆನ್ಸ್ಲಿಯ ಊರಾದ ವಿಲ್ಲೆಮ್‌ಸ್ಟಾಡಿಗೆ ಬಂದಿಳಿದಿದ್ದಳು. ಹೆನ್ಸ್ಲಿಯ ಮನೆ ನೋಡಿ ಮೂಗು ಮುರಿದಳು. ಅವನು ಮಾಡಿದ ಮೀನುಸಾರಿಗೂ ಮುರಿದಳು. ಇನ್ನು ಅವನ ಮಾನ ಉಳಿಸಬೇಕಾದದ್ದು ಬಂದರುಕಟ್ಟೆಯೊಂದೇ.

ಅದನ್ನು ತೋರಿಸಲು ಕರೆದೊಯ್ಯುತ್ತಾ ತೇಲುಸೇತುವೆಯ ನಡುಮಧ್ಯಕ್ಕೆ ಬಂದಾಗ ದೊಡ್ಡಮ್ಮ, "ಗಂಟಲು ಒಣಗ್ತಿದೆ ಕಣೋ," ಎಂದಳು.

"ಇಲ್ಲೇ ನಿಂತಿರಿ ದೊಡ್ಡಮ್ಮ, ಆಚೆ ದಡದಿಂದ ಎಳನೀರು ತಂದ್ಬಿಡ್ತೀನಿ!"

ಎಳನೀರು ಹಿಡಿದು ಹೆನ್ಸ್ಲಿ ತಿರುಗುವಷ್ಟರಲ್ಲಿ ಸೇತುವೆಯ ಗಂಟೆ ಮೊಳಗಿತು, ಗೇಟು ಮುಚ್ಚಿತು. ಬರುತ್ತಿದ್ದ ಹಡಗಿಗೆ ದಾರಿ ಬಿಡಲು ಸೇತುವೆ ಅವನು ನಿಂತಿದ್ದ ದಡದಿಂದ ಕಳಚಿಕೊಂಡು, ದೊಡ್ಡ ಬಾಗಿಲು ತೆರೆದಂತೆ ಮೆಲ್ಲಗೆ ತಿರುಗಿ ಹೊರಟಿತು. ಜೊತೆಗೆ ದೊಡ್ಡಮ್ಮನೂ ಹೊರಟಳು, ಎದೆಗೆ ಕೈಚೀಲ ಅವುಚಿಕೊಂಡು.

"ಯಾರಪ್ಪಾ ಆ ಅಮ್ಮ?" ಮೀನು ಮಾರುವ ಮಿಲ್ಡ್ರೆಡ್ ಕೇಳಿದಳು.

"ನಮ್ಮ ಶರೀನ್ ದೊಡ್ಡಮ್ಮ."

"ಹಾಗಾದ್ರೆ ನಿನ್ನ ಮದುವೆ ನಿಂತ್ಹೋಯ್ತು ಬಿಡು! ಇನ್ನೂ ಏನ್ ನೋಡ್ತಿದ್ದೀಯ, ದೋಣಿ ಹತ್ತೋ!"

ಹೆನ್ಸ್ಲಿ ದೋಣಿ ಹತ್ತಿ ಆಚೆ ದಡ ಮುಟ್ಟಿದ. ಅಷ್ಟರಲ್ಲಿ ಹಡಗು ದಾಟಿ, ಸೇತುವೆ ಮತ್ತೆ ಕೂಡಿಕೊಂಡಿತ್ತು. ದೊಡ್ಡಮ್ಮ ಮಾತ್ರ ಇಲ್ಲ. "ಕೈಚೀಲದಮ್ಮ ತಾನೆ? ನೀನು ಬಂದ ಕಡೆಗೇ ಹೋದ್ರಲ್ಲ!" ಎಂದು ಟೋಪಿ ಮಾರುವವನು ನಕ್ಕ. ಹೆನ್ಸ್ಲಿ ಸೇತುವೆಯುದ್ದಕ್ಕೂ ನಾಯಿ ಅಟ್ಟಿಸಿಕೊಂಡು ಬಂದ ಕೋಳಿಯಂತೆ ಓಡಿದ. ಎಳನೀರಿನ ಮುಕ್ಕಾಲು ಪಾಲನ್ನು ಅವನ ಅಂಗಿಯೇ ಕುಡಿಯಿತು.

ದೊಡ್ಡಮ್ಮ ಮಿಲ್ಡ್ರೆಡ್‌ಳ ಪಕ್ಕ ಆರಾಮಾಗಿ ಕೂತಿದ್ದಳು. ಕಣ್ಣು ಹೊಳೆಯುತ್ತಿತ್ತು.

"ನೀರಿನ ಮಧ್ಯದಿಂದ ನೋಡಿದೆ ಕಣೋ! ಹಳದಿ, ಕೆಂಪು, ನೀಲಿ... ಹೊಸಬಟ್ಟೆ ತೊಟ್ಟು ಫೋಟೋಕ್ಕೆ ನಿಂತ ಅಕ್ಕತಂಗಿಯರ ಹಾಗಿವೆ ಈ ದಡದ ಮನೆಗಳು! ನೀರೊಳಗೂ ಅವೇ ಕುಣೀತಿದ್ವು. ಇಂಥದ್ದನ್ನ ತೋರಿಸ್ಬೇಕೂಂತ್ಲೇ ನನ್ನ ಅಲ್ಲಿ ನಿಲ್ಸಿದ್ದೆ ಅಲ್ವಾ? ಜಾಣ!"

ಹೆನ್ಸ್ಲಿ ಏದುಸಿರಿನಲ್ಲೇ ತಲೆಯಾಡಿಸಿದ.

"ನಿನ್ನ ಮಲಗೋ ಕೋಣೆ ಕಿಟಕಿ ತೆಗೆದ್ರೆ ಇದೆಲ್ಲಾ ಕಾಣತ್ತಂತೆ? ಮಿಲ್ಡ್ರೆಡ್ ಹೇಳಿದ್ಳು."

"ಹೌದು ದೊಡ್ಡಮ್ಮ! ಇನ್ಮೇಲೆ ಶರೀನ್ ದಿನಾ ನೋಡ್ಬಹುದು!"

"ಅವಳಿಗೇನು ಅವಸರ? ಮುಂದಿನ ವಾರ ನಾನೇ ಬಂದು ಆ ಕೋಣೇಲಿ ಇರ್ತೀನಿ."

"ಮತ್ತೆ... ಶರೀನ್?"

"ಅವಳೂ ಬಂದ್ಬಿಟ್ರೆ," ಎಂದು ದೊಡ್ಡಮ್ಮ ಉಳಿದಷ್ಟು ಎಳನೀರು ಹೀರಿದಳು, "ಊರಲ್ಲಿ ನನ್ನ ಮೇಕೆಗಳನ್ನ ಯಾರಪ್ಪಾ ನೋಡ್ಕೋತಾರೆ?"