ಸೊಪ್ಪಿನ ಪದಕೋಶಕ್ಕೆ ಇಬ್ಬರು ಸಾಕ್ಷಿ

ಕಂಪ್ಯೂಟರಿಗೆ ಸೊಪ್ಪು ತಿನ್ನಿಸಿದವರು ಈ ಭೂಮಿಯ ಮೇಲೆ ಯಾರಾದರೂ ಇದ್ದಾರೆಯೇ? ಇದ್ದಾರೆ. ಕೊಟ್ಟಿಗೆಹಾರದಲ್ಲಿದ್ದಾರೆ. ವಯಸ್ಸು ಎಪ್ಪತ್ತಾರು; ಸಂಬಂಧದಲ್ಲಿ ನನ್ನ ಅಣ್ಣನ ಹೆಂಡತಿ, ಅಂದರೆ ಅತ್ತಿಗೆ; ಸ್ವಭಾವವನ್ನು ಏನೆಂದು ವರ್ಣಿಸಲಿ? ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಇವರಿಗೆ ಎದುರಾದರೆ ಲಾರಿಯೇ ಹಿಂದಕ್ಕೆ ಸರಿಯಬೇಕು, ಇವರು ಸರಿಯುವವರಲ್ಲ! ಹೆಸರು ಬರೆಯುವ ಧೈರ್ಯ ನನಗಿಲ್ಲ. ಬರೆದೆನೆಂದರೆ ನಾನಿರುವ ಗೋಣಿಬೀಡಿಗೆ ಮೊದಲ ಬಸ್ಸಿಗೇ ಬಂದಿಳಿದು, "ಇದನ್ನೆಲ್ಲ ಬರೀಲಿಕ್ಕೆ ನಿಂಗೆ ಹೇಳಿದ್ದು ಯಾರು ಮಾರಾಯ?" ಎಂದು ಜಗಲಿಯಲ್ಲೇ ವಿಚಾರಣೆ ಆರಂಭಿಸುತ್ತಾರೆ.

ಇವರು ನನಗೆ ಮಾಡಿದ ಅವಮಾನಗಳನ್ನು ನಾನು ಮರೆತಿಲ್ಲ. ಮರೆಯುವ ಅಭ್ಯಾಸ ನನಗಿಲ್ಲ. ನನ್ನ ಮದುವೆಯ ಚಪ್ಪರದಲ್ಲಿ ಬೀಗರೆಲ್ಲ ಕಿವಿಗೊಟ್ಟು ಕುಳಿತಿದ್ದಾಗ, "ನಮ್ಮ ಮೈದುನ ಬಹಳ ಅಚ್ಚುಕಟ್ಟು, ಅವ್ನು ನಗ್ಬೇಕಾದ್ರೆ ಮೊದ್ಲು ಅರ್ಜಿ ಕೊಡ್ಬೇಕು" ಎಂದವರು ಇವರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತೆರಡು ವರ್ಷ ಪತ್ರ ತಿದ್ದಿ ನಾನು ನಿವೃತ್ತನಾದ ದಿನ, ಕೊರಳಲ್ಲಿ ಹಾರವಿರುವಾಗಲೇ, "ಇನ್ಮೇಲೆ ಹೆಂಡ್ತಿ ಹತ್ರ ಎರಡು ಜೆರಾಕ್ಸ್ ಕೇಳ್ಬೇಡ ಮಾರಾಯ" ಎಂದವರೂ ಇವರೇ. ಆಗ ಯಾರು ಯಾರು ನಕ್ಕರೆಂಬುದೂ ನನಗೆ ನೆನಪಿದೆ. ಅವರ ವಿಚಾರ ಇಲ್ಲಿ ಬೇಡ.

ಅತ್ತಿಗೆ ಸಂಸೆಯ ಸುತ್ತಿನಲ್ಲಿ ಸರ್ಕಾರಿ ದಾದಿಯಾಗಿದ್ದವರು. ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೆ ನಡೆದೇ ಹೋಗಿ ಹೆರಿಗೆ ಮಾಡಿಸಿದವರು. ಮಾತ್ರೆ ಕೊಟ್ಟು ಎದ್ದು ಬರುವ ಜಾಯಮಾನ ಅವರದಲ್ಲ. ಬಾಣಂತಿಯ ಮನೆಯ ಹಿತ್ತಿಲಿಗೆ ತಾವೇ ಇಳಿದು, ಯಾವ ಸೊಪ್ಪು ಬೇಯಿಸಬೇಕು, ಯಾವುದನ್ನು ಮುಟ್ಟಬಾರದು ಎಂದು ಕಿತ್ತು ಕೈಗೆ ಕೊಟ್ಟು ಬರುತ್ತಿದ್ದರು. ಅದನ್ನೆಲ್ಲ ಈಗ ಒಂದು ಕೈಪಿಡಿಯಾಗಿ ಬರೆದಿದ್ದಾರೆ. ಈಗಿನ ಆಶಾ ಕಾರ್ಯಕರ್ತೆಯರ ಕೈಗೆ ಅದು ತಲುಪಬೇಕು, ಮತ್ತು ಪ್ರತಿಯೊಂದು ಸೊಪ್ಪಿಗೂ ಊರೂರಿನಲ್ಲಿ ಕರೆಯುವ ಹೆಸರು ಅದರಲ್ಲಿರಬೇಕು ಎಂಬುದು ಅವರ ಹಟ. "ಹೆಸ್ರು ತಪ್ಪಿದ್ರೆ ಬೇರೆ ಎಲೆ ಒಬ್ಬಳ ಹೊಟ್ಟೆಗೆ ಹೋಗ್ತದೆ" ಎನ್ನುತ್ತಿದ್ದರು. ಈ ಮಾತನ್ನು ಹೇಳುವಾಗ ಮಾತ್ರ ಅವರ ದನಿಯಲ್ಲಿ ತಮಾಷೆ ಇರುತ್ತಿರಲಿಲ್ಲ.

ಹಸ್ತಪ್ರತಿಯನ್ನು ಮೂಡಿಗೆರೆಯ ಒಂದು ಡಿ.ಟಿ.ಪಿ. ಅಂಗಡಿಗೆ ಕೊಟ್ಟೆವು. ಕರಡು ಬಂತು. ಓದಿದೆವು. "ಬಾಣಂತಿಗೆ ಚಗಟೆ ಬೇಡ" ಎಂದು ಅತ್ತಿಗೆ ಆ ಸೊಪ್ಪಿನ ಬಗ್ಗೆ ಬರೆದಿದ್ದ ಕಡೆ "ಬಾಣಂತಿಗೆ ಚಟ್ಟ ಬೇಡ" ಎಂದಿತ್ತು! ಮಾತೇನೋ ನಿಜ, ಆದರೆ ಅಷ್ಟನ್ನು ಹೇಳಲು ಪುಸ್ತಕ ಬೇಕೇ? ಮುಂದಿನ ಪುಟದಲ್ಲಿ ಹೊನಗೊನ್ನೆ ಸೊಪ್ಪು ಇರಬೇಕಾದ ಜಾಗದಲ್ಲಿ, "ಹೊಣೆಗಾರನನ್ನು ಸಣ್ಣಗೆ ಹೆಚ್ಚಿ ತುಪ್ಪದಲ್ಲಿ ಬಾಡಿಸಿ" ಎಂಬ ಆಜ್ಞೆ ಇತ್ತು. ಅತ್ತಿಗೆ ಆ ಸಾಲನ್ನು ಎರಡು ಸಲ ಓದಿ, "ಇದನ್ನ ಮೊದ್ಲು ಮಾಡ್ಬೇಕು. ನಡಿ ಮೂಡಿಗೆರೆಗೆ" ಎಂದರು.

ಅಂಗಡಿಯಲ್ಲಿ ಟೈಪು ಮಾಡುವಾಕೆ ಸುಮಾರು ನಲವತ್ತೈದರ ಹೆಂಗಸು, ಬಹಳ ಸಮಾಧಾನದವಳು. "ಅಮ್ಮ, ಕಂಪ್ಯೂಟರಿಗೆ ಗೊತ್ತಿಲ್ದಿರೋ ಪದದ ಕೆಳಗೆ ಕೆಂಪು ಗೆರೆ ಬರುತ್ತೆ. ಅದೇ ಒಂದು ಪದ ತೋರಿಸುತ್ತೆ, ನಾವು ಒತ್ತುತೀವಿ. ನಿಮ್ಮ ಪುಸ್ತಕದಲ್ಲಿ ಕೆಂಪೇ ಜಾಸ್ತಿ, ಒತ್ತಿ ಒತ್ತಿ ನಂಗೆ ಬೆರಳು ನೋವು ಬಂತು" ಎಂದಳು.

"ಅದಕ್ಕೆ ಗೊತ್ತಿಲ್ದಿದ್ರೆ ಸುಮ್ನಿರಬೇಕಪ್ಪ! ಗೊತ್ತಿಲ್ದೆ ತಿದ್ದೋದು ಎಂಥ ರೋಗ?"

"ನೀವೇ ಒಂದು ಪದಕೋಶ ಮಾಡಿ ಅದಕ್ಕೆ ಸೇರಿಸ್ಬೋದು ಅಮ್ಮ. ಒಂದು ಕಡತದಲ್ಲಿ ನಿಮ್ಮ ಪದ ಎಲ್ಲ ಬರ್ದು ತನ್ನಿ. ಆಮೇಲೆ ಅದು ಆ ಪದಗಳ ತಂಟೆಗೆ ಬರಲ್ಲ."

ಅತ್ತಿಗೆ ನನ್ನ ಕಡೆ ತಿರುಗಿದರು. ನನ್ನಲ್ಲಿ ಲ್ಯಾಪ್‌ಟಾಪು ಇದೆಯೆಂಬುದು ಕುಟುಂಬದಲ್ಲಿ ಎಲ್ಲರಿಗೂ ಗೊತ್ತು. ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಇದನ್ನೂ ನಾನು ಮರೆತಿಲ್ಲ.

ಮಾರನೆಯ ದಿನವೇ ಅತ್ತಿಗೆ ಒಂದು ಚೀಲ ಸೊಪ್ಪು, ಒಂದು ದಪ್ಪ ನೋಟ್‌ಬುಕ್ಕು ಹಿಡಿದು ಬಂದರು. ಜೊತೆಗೆ ಒಂದು ನಿಯಮವನ್ನೂ ತಂದಿದ್ದರು. "ನಿಮ್ಮ ಕಚೇರೀಲಿ ಇಬ್ರು ಸಾಕ್ಷಿ ಇಲ್ದೆ ಒಂದು ಗುಂಟೆ ಜಾಗ ಒಬ್ರ ಹೆಸರಿಗೆ ಆಗ್ತಿತ್ತಾ?"

"ಇಲ್ಲ ಅತ್ತಿಗೆ."

"ಹಾಗಾದ್ರೆ ಒಂದು ಸೊಪ್ಪು ಒಂದು ಹೆಸರಿಗೆ ಹೇಗಾಗ್ತದೆ? ಹೆಸ್ರು ಹೇಳಿದವ್ರು ಒಬ್ರು, ಅದೇ ಹೆಸರಲ್ಲಿ ಅದನ್ನ ತಿಂದವ್ರು ಇನ್ನೊಬ್ರು. ಇಬ್ರೂ ಸಹಿ ಹಾಕ್ಬೇಕು. ಇಲ್ದಿದ್ರೆ ಪದ ಒಳಗೆ ಬರಬಾರ್ದು."

ಜೀವನದಲ್ಲಿ ಮೊದಲ ಬಾರಿಗೆ ಅವರ ಮಾತು ನನಗೆ ಸಂಪೂರ್ಣವಾಗಿ ನ್ಯಾಯವೆನಿಸಿತು. ತಿನ್ನುವ ಸಾಕ್ಷಿ ಬಹುಪಾಲು ನಾನೇ ಆಗಬೇಕಾಗುತ್ತದೆಂಬುದು ಆಗ ಹೊಳೆಯಲಿಲ್ಲ.

ಮೊದಲ ವಾರ ನಲವತ್ತು ಪದಗಳನ್ನು ಸೇರಿಸಿದೆವು. ಆದರೂ ಒಂದೇ ಒಂದು ಕೆಂಪು ಗೆರೆ ಅಳಿಯಲಿಲ್ಲ! ನಾನು ಕಡತವನ್ನು ತೆಗೆದೆ, ಮುಚ್ಚಿದೆ, ಕನ್ನಡಕ ಒರೆಸಿದೆ. ಕೊನೆಗೆ ಫೋನಿನಲ್ಲಿ ಡಿ.ಟಿ.ಪಿ. ಹೆಂಗಸಿಗೆ ಕಡತದ ಫೋಟೋ ಕಳುಹಿಸಿದೆ. ತಿರುಗಿ ಫೋನು ಮಾಡಿದ ಅವಳಿಗೆ ನಗು ತಡೆಯಲಾಗಲಿಲ್ಲ. ನಾನು ಕಚೇರಿಯ ರೂಢಿಯಂತೆ ಪ್ರತಿಯೊಂದು ಸಾಲನ್ನೂ ಪೂರ್ತಿಯಾಗಿ ಬರೆದಿದ್ದೆ: ಪದ, ಹೇಳಿದವರ ಹೆಸರು, ತಂದೆಯ ಹೆಸರು, ವಾಸಸ್ಥಳ, ತಿಂದವರ ಹೆಸರು, ತಂದೆಯ ಹೆಸರು, ವಾಸಸ್ಥಳ.

"ಸರ್, ಒಂದು ಸಾಲಿಗೆ ಒಂದೇ ಪದ. ನೀವು ಬರ್ದಿರೋ ಇಡೀ ಸಾಲು ಒಂದು ಪದ ಅಂತ ಅದು ತಿಳ್ಕೊಂಡಿದೆ. ಅದಕ್ಕೆ ಸಾಕ್ಷಿ ಎಲ್ಲ ಬೇಡ ಸರ್."

ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಅತ್ತಿಗೆ, "ಸಾಕ್ಷಿ ಇಲ್ದೆ ನಂಬ್ತದೆ ಅಂತಾಯ್ತು. ಅದ್ರ ಬುದ್ಧಿ ಹೀಗಿರೋದು ಅದಕ್ಕೇ" ಎಂದರು. ಅಂದಿನಿಂದ ಸಾಕ್ಷಿಗಳೆಲ್ಲ ನೋಟ್‌ಬುಕ್ಕಿಗೆ, ಪದ ಮಾತ್ರ ಯಂತ್ರಕ್ಕೆ. ಅಲ್ಲಿಗೂ ಮುಗಿಯಲಿಲ್ಲ. 'ಚಗಟೆ' ಕಲಿತ ಯಂತ್ರಕ್ಕೆ 'ಚಗಟೆಯನ್ನು' ಗೊತ್ತಿಲ್ಲ, 'ಚಗಟೆಗೆ' ಗೊತ್ತಿಲ್ಲ, 'ಚಗಟೆಯಿಂದ' ಅಂತೂ ಕೇಳಿಯೇ ಇಲ್ಲ. ಒಂದೊಂದು ಸೊಪ್ಪಿನ ಹಿಂದೆಯೂ ಅದರ ಇಡೀ ಸಂಸಾರವನ್ನು ಬರೆಯಬೇಕು. ನನಗೆ ಬೇಸರ ಬಂತು, ಅತ್ತಿಗೆಗೆ ಬರಲಿಲ್ಲ. "ಕೂಸಿಗೆ ಒಂದೇ ಸಲ ಹೇಳಿದ್ರೆ ಬರ್ತದಾ? ಬರಿ" ಎಂದು ನನ್ನ ಹಿಂದೆಯೇ ಕುರ್ಚಿ ಹಾಕಿಕೊಂಡರು.

ಇನ್ನು ಬಸ್ಸಿನ ಪ್ರಸಂಗ. ಒಂದು ದಿನ ಕೊಟ್ಟಿಗೆಹಾರದಿಂದ ಮೂಡಿಗೆರೆಗೆ ಹೊರಟ ಬಸ್ಸಿನಲ್ಲಿ ನಾನೂ ಅವರ ಜೊತೆಗಿದ್ದೆ, ಇರಬಾರದಿತ್ತು. ಅತ್ತಿಗೆ ನಡುವಿನ ಸೀಟಿನಲ್ಲಿ ಎದ್ದು ನಿಂತು, ಒಂದು ಹಿಡಿ ಸೊಪ್ಪನ್ನು ಎತ್ತಿ ಹಿಡಿದು, "ಇದಕ್ಕೆ ನಿಮ್ಮಲ್ಲಿ ಎಂತ ಹೇಳ್ತಾರೆ?" ಎಂದು ಇಡೀ ಬಸ್ಸನ್ನು ಕೇಳಿದರು.

"ಒಂದೆಲಗ" ಎಂದಿತು ಹಿಂದಿನ ಸೀಟು.

ಘಟ್ಟದ ಕೆಳಗಿನ ಒಬ್ಬ ಹೆಂಗಸು, "ಅದು ತಿಮರೆ ಅಲ್ವಾ ಅಮ್ಮ? ಚಟ್ನಿ ಮಾಡುದು" ಎಂದಳು.

"ಯಾವ ತಿಮರೆ? ಉರಗೆ ಅದು!" ಎಂದ ಕಿಟಕಿಯ ಪಕ್ಕದ ಮುದುಕ.

ಕಂಡಕ್ಟರ್ ಬಂದು, "ನಮ್ಮಮ್ಮ ಇಲಿಕಿವಿ ಅಂತಿದ್ರು. ಎಲ್ಲಿಗೆ ಟಿಕೆಟ್ಟು?" ಎಂದ.

"ಟಿಕೆಟ್ ಇರ್ಲಿ. ನಿಮ್ಮಮ್ಮ ಬಡಿಸಿದ್ದನ್ನ ನೀನು ತಿಂದಿದೀಯಾ?"

"ತಿನ್ನದೆ ಮತ್ತೆ?"

"ಹಾಗಾದ್ರೆ ಇಲ್ಲಿ ಸಹಿ ಹಾಕು."

ಕಂಡಕ್ಟರ್ ಸಹಿ ಹಾಕಿದ! ಮುದುಕನೂ ಘಟ್ಟದ ಕೆಳಗಿನ ಹೆಂಗಸೂ ಮೂಡಿಗೆರೆ ಬರುವವರೆಗೆ ಜಗಳವಾಡಿದರು, ಆದರೆ ಇಬ್ಬರೂ ಸಹಿ ಹಾಕಿಯೇ ಇಳಿದರು. ಪ್ರತಿ ಹೆಸರಿಗೂ ಎರಡನೆಯ ಸಾಕ್ಷಿ ಬಸ್ಸಿನೊಳಗೇ ಸಿಕ್ಕಿದರು. ಒಂದೇ ಎಲೆಗೆ ನಾಲ್ಕು ಹೆಸರು ದೊರೆತ ಆ ದಿನ ಅತ್ತಿಗೆ ನನಗೆ ಕಾಫಿ ಕುಡಿಸಿದರು. ಅದು ಅಪರೂಪದ ಘಟನೆಯಾದ್ದರಿಂದ ದಾಖಲಿಸುತ್ತಿದ್ದೇನೆ.

ಕೈಪಿಡಿಯಲ್ಲಿ 'ಕೊಡಬಾರದವು' ಎಂಬ ಅಧ್ಯಾಯವೂ ಇದೆ. ಅಲ್ಲಿನ ಹೆಸರುಗಳಿಗೂ ಸಾಕ್ಷಿ ಬೇಕಲ್ಲ! ಕಾಡುಕೆಸುವಿನ ಒಂದು ಬಗೆಯನ್ನು ಅತ್ತಿಗೆ ಬೇಯಿಸಿ ನನ್ನ ಮುಂದಿಟ್ಟರು. "ಹುಳಿ ಹಾಕಿದೀನಿ, ಎಂತದೂ ಆಗಲ್ಲ" ಎಂದರು. ಎರಡು ದಿನ ನನ್ನ ಗಂಟಲಿನೊಳಗೆ ಯಾರೋ ಕಂಬಳಿ ಕೊಡವಿದಂತಿತ್ತು. ನನ್ನ ಹೆಂಡತಿ ಬೆಲ್ಲ ಕೊಟ್ಟಳು, ಮೊಸರು ಕೊಟ್ಟಳು, ಕೊನೆಗೆ ಅತ್ತಿಗೆಯ ಪಕ್ಷ ವಹಿಸಿದಳು. ನೋಟ್‌ಬುಕ್ಕಿನಲ್ಲಿ ಆ ಪದದ ಮುಂದೆ ಅತ್ತಿಗೆ ಬರೆದದ್ದು ಇಷ್ಟು: "ಸಾಕ್ಷಿ ಕೆಮ್ಮಿದ್ದಾನೆ. ಖಾತ್ರಿ."

ಅಂತೂ ಮೂರು ತಿಂಗಳಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಕೈಪಿಡಿಯ ಕೆಂಪೆಲ್ಲ ಇಳಿಯಿತು. ಆಮೇಲೆ ಬರೆದ ಕೊನೆಯ ಅಧ್ಯಾಯ ಒಂದು ಮಾತ್ರ ಅತ್ತಿಗೆಯ ಕೈಬರಹದಲ್ಲೇ ಇತ್ತು. ಅದನ್ನು ಅವರು ನನಗೆ ಕೊಟ್ಟಿರಲಿಲ್ಲ, ನೇರವಾಗಿ ಅಂಗಡಿಗೇ ಕೊಟ್ಟು ಟೈಪು ಮಾಡಿಸಿದ್ದರು. ನಾವು ಪೆನ್‌ಡ್ರೈವಿನಲ್ಲಿ ಕೈಪಿಡಿಯನ್ನು ಹಾಕಿಕೊಂಡು ಹೋದೆವು. ಅಂಗಡಿಯಲ್ಲಿ ತೆರೆದರೆ, ದೇವರೇ, ಪುಟವೆಲ್ಲ ಮತ್ತೆ ಕೆಂಪು! ಪದಕೋಶ ಇದ್ದದ್ದು ನನ್ನ ಯಂತ್ರದಲ್ಲಿ. ಅವರ ಯಂತ್ರಕ್ಕೆ ಅದರ ಸುದ್ದಿಯೇ ಇಲ್ಲ. ಗೋಣಿಬೀಡಿಗೆ ಹಿಂದಿರುಗಿ, ಪದಕೋಶದ ಕಡತವನ್ನೂ ತುಂಬಿಸಿಕೊಂಡು, ಅದೇ ಸಂಜೆ ಅಂಗಡಿ ಮುಚ್ಚುವ ಮೊದಲು ಮತ್ತೆ ಹಾಜರಾದೆವು. "ನಾಳೆ ಬಂದ್ರಾಗಲ್ವಾ?" ಎಂದು ನಾನು ಕೇಳುವಷ್ಟರಲ್ಲಿ ಅತ್ತಿಗೆ ಬಸ್ಸು ಹತ್ತಿಯಾಗಿತ್ತು.

ಡಿ.ಟಿ.ಪಿ. ಹೆಂಗಸು ಕಡತವನ್ನು ಸೇರಿಸಿ, ಅದರ ಹೆಸರಿನ ಮುಂದಿನ ಚೌಕದಲ್ಲಿ ಟಿಕ್ ಹಾಕಿದಳು. ಗೆರೆಗಳು ಒಂದೊಂದಾಗಿ ಮಾಯವಾದವು. ಅವಳು ಕೊನೆಯ ಅಧ್ಯಾಯದವರೆಗೆ ಪುಟ ಸರಿಸಿ ನಿಲ್ಲಿಸಿದಳು.

"ಅಮ್ಮ, ಒಂದೇ ಒಂದು ಉಳ್ದಿದೆ. ಗಣಿಕೆ ಸೊಪ್ಪಿನ ಹತ್ರ. 'ಎದ್ದೇಳುಸೊಪ್ಪು' ಎಂದೂ ಕರೆಯುತ್ತಾರೆ ಅಂತ ಬರ್ದಿದೀರ. ಸೇರಿಸ್ಲಾ, ಅಳಿಸ್ಲಾ?"

ಅತ್ತಿಗೆ ನೋಟ್‌ಬುಕ್ಕನ್ನು ಬಿಚ್ಚಲಿಲ್ಲ. "ಅಳಿಸಿ. ಅದಕ್ಕೆ ಸಾಕ್ಷಿ ಇಲ್ಲ" ಎಂದರು.

ನಾನು ಅಂಥ ಹೆಸರನ್ನು ಕೇಳಿಯೇ ಇರಲಿಲ್ಲ. "ಯಾರು ಹೇಳಿದ್ದು ಅತ್ತಿಗೆ?" ಎಂದೆ.

"ನಿಮ್ಮಮ್ಮ."

ಅತ್ತಿಗೆಗೆ ತವರಿನಲ್ಲಿ ತಾಯಿ ಇರಲಿಲ್ಲ. ಆದ್ದರಿಂದ ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲೇ ನಡೆಯಿತು. ಕೂಸು ಒಂಬತ್ತನೆಯ ದಿನ ಹೋಯಿತು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ಅತ್ತಿಗೆಯ ಬಾಯಲ್ಲೂ ನಾನು ಕೇಳಿದ್ದು ಅಂದೇ ಮೊದಲು.

"ಹಾಸಿಗೆ ಬಿಟ್ಟು ಏಳೋಕೇ ಆಗ್ತಿರ್ಲಿಲ್ಲ ನಂಗೆ. ಅತ್ತೆ ದಿನಾ ಒಂದು ಸೊಪ್ಪು ಬೇಯಿಸ್ಕೊಂಡು ಬಂದು ಪಕ್ಕ ಕೂತ್ಕೊಳ್ಳೋರು. ಯಾವ ಸೊಪ್ಪು ಅಂತ ಕೇಳಿದ್ರೆ, ಎದ್ದೇಳುಸೊಪ್ಪು, ತಿನ್ನು ಅನ್ನೋರು. ಗಣಿಕೆ ಅಂತ ಆಮೇಲೆ ಗೊತ್ತಾಯ್ತು ನಂಗೆ. ಎಷ್ಟು ಬಾಣಂತೀರಿಗೆ ಅದೇ ಹೆಸರಲ್ಲಿ ಕೊಡೋಣ ಅಂದ್ಕೊಂಡೆ, ಧೈರ್ಯ ಬರ್ಲಿಲ್ಲ. ಬಿಡು. ಹೇಳಿದವ್ರು ಇಲ್ಲ, ತಿಂದವ್ಳು ನಾನೊಬ್ಳೇ. ಅಳಿಸಮ್ಮ ನೀನು."

ಡಿ.ಟಿ.ಪಿ. ಹೆಂಗಸಿನ ಬೆರಳು ಕೀಲಿಯ ಮೇಲಿತ್ತು.

"ನಾನು ತಿಂದಿದೀನಿ" ಎಂದೆ.

ಅತ್ತಿಗೆ ತಿರುಗಿ ನೋಡಿದರು. "ನೀನಾ? ಬಾಣಂತಿ ಊಟಾನಾ?"

"ಕದ್ದು ತಿಂದಿದ್ದೆ. ಒಲೆ ಪಕ್ಕ ಮುಚ್ಚಿಟ್ಟಿದ್ರಲ್ಲ, ಆ ಪಾತ್ರೆಯಿಂದ. ಅಮ್ಮ ನೋಡ್ಬಿಟ್ಟು, ಎದ್ದೇಳುಸೊಪ್ಪಿಗೆ ಕೈ ಹಾಕ್ತೀಯಾ ಅಂತ ಬೆನ್ನಿಗೆ ಕೊಟ್ರು."

ಮೂವತ್ತೆರಡು ವರ್ಷ ಸಾಕ್ಷಿಗಳ ಮುಖ ನೋಡಿಯೇ ಸುಳ್ಳನ್ನು ಹಿಡಿದವನು ನಾನು. ನನ್ನ ಮುಖ ಆಗ ಹೇಗಿತ್ತೋ ತಿಳಿಯದು.

"ರುಚಿ ಹೇಗಿತ್ತು?" ಎಂದರು ಅತ್ತಿಗೆ.

ಏನು ಹೇಳಲಿ? "ಉಪ್ಪು ಕಮ್ಮಿ ಇತ್ತು" ಎಂದೆ.

ಅತ್ತಿಗೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. "ಹೌದು. ಅತ್ತೆ ಬಾಣಂತಿಗೆ ಉಪ್ಪು ಬಿಗಿ ಹಿಡೀತಿದ್ರು" ಎಂದು ನೋಟ್‌ಬುಕ್ಕು ಬಿಚ್ಚಿ, ಪದ ಬರೆದು, ನನ್ನ ಕಡೆ ತಿರುಗಿಸಿದರು. ನಾನು ಸಹಿ ಹಾಕಿದೆ. ತಂದೆಯ ಹೆಸರು, ವಾಸಸ್ಥಳ ಎರಡನ್ನೂ ಬರೆದೆ. "ಸೇರಿಸಮ್ಮ" ಎಂದರು. ಕೆಂಪು ಗೆರೆ ಹೋಯಿತು.

ಕೊಟ್ಟಿಗೆಹಾರದ ಬಸ್ಸಿಗೆ ಅವರನ್ನು ಹತ್ತಿಸಿದೆ. ಕಿಟಕಿಯ ಪಕ್ಕ ಕುಳಿತು, ಚೀಲವನ್ನು ಮಡಿಲಲ್ಲಿ ಸರಿಪಡಿಸಿಕೊಂಡು, ಅತ್ತಿಗೆ ನನ್ನ ಕಡೆ ಬಾಗಿದರು.

"ಆ ಬಾಣಂತನದ ತಿಂಗಳು ನೀನು ಚಿಕ್ಕಮಗಳೂರು ಹಾಸ್ಟೆಲಿಂದ ನಂಗೊಂದು ಕಾಗ್ದ ಬರ್ದಿದ್ದೆ ಮಾರಾಯ. ಇನ್ನೂ ಇದೆ ನನ್ ಹತ್ರ."

ಬಸ್ಸು ಹೊರಟಿತು. ನನ್ನ ಸಹಿಯನ್ನು ಅವರು ಇಂದಿಗೂ ಹೊಡೆದುಹಾಕಿಲ್ಲ.