ಡೆಲ್ಮರ್‌ನ ನಾಲ್ಕು ಗಂಟೆಯ ಲೈಸೆನ್ಸು

ಡೆಲ್ಮರ್ ಹೂಟನ್‌ಗೆ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ. ಪಿಕಪ್ ಗಾಡಿ ಇತ್ತು, ಟ್ಯಾಂಕಿನ ತುಂಬ ಪೆಟ್ರೋಲ್ ಇತ್ತು, ಬಸ್ಸೇ ಬರದ ಊರೊಂದು ಅಯೋವಾದ ಜೋಳದ ಹೊಲಗಳ ನಡುವೆ ಅವನ ಸುತ್ತ ಬಿದ್ದುಕೊಂಡಿತ್ತು.

ವರ್ಷದ ಹಿಂದೆ ಬ್ರೇಕಿನ ಬದಲು ಇನ್ನೊಂದನ್ನು ಒತ್ತಿ, ಲೊರೆಟಾಳ ವಿಮಾ ಕಚೇರಿಯ ಗಾಜು ಒಡೆದು ಒಳನುಗ್ಗಿ, ಕಾಫಿ ಯಂತ್ರದ ಎದುರು ಗಿರಾಕಿಯ ಹಾಗೆ ನಿಂತಿದ್ದ. ಆ ದಿನ ಗಾಡಿಗೆ ವಿಮೆ ಇರಲಿಲ್ಲ. ಅದನ್ನು ನವೀಕರಿಸಲೆಂದೇ ಅವನು ಅಲ್ಲಿಗೆ ಹೊರಟಿದ್ದ. ಬಾತುಕೋಳಿಗಳು ರಸ್ತೆ ದಾಟಲೆಂದು ಹತ್ತು ನಿಮಿಷ ಕಾಯುವ ಮನುಷ್ಯನನ್ನು ಸರ್ಕಾರ 'ಅಪಾಯಕಾರಿ ಚಾಲಕ' ಎಂದು ಬರೆದುಕೊಂಡು ಒಂದು ವರ್ಷ ಲೈಸೆನ್ಸ್ ಕಿತ್ತುಕೊಂಡಿತು.

ಆ ವರ್ಷ ಈ ಗುರುವಾರಕ್ಕೆ ಮುಗಿದಿತ್ತು. ಇನ್ನು ಯಾವುದಾದರೂ ವಿಮಾ ಕಂಪನಿ ಸರ್ಕಾರಕ್ಕೆ 'ಈತನಿಗೆ ನಮ್ಮ ವಿಮೆ ಇದೆ' ಎಂದು ಒಂದು ಕಾಗದ ಸಲ್ಲಿಸಿದರೆ ಸಾಕು. ಊರಿನ ಏಕೈಕ ಏಜೆಂಟು ಲೊರೆಟಾ. ಆದರೆ ಡೆಲ್ಮರ್‌ಗೆ ಅವಳ ಬಾಗಿಲು ತಟ್ಟಲು ಮುಖವಿರಲಿಲ್ಲ. ನಲವತ್ತು ಮೈಲಿ ದೂರದ ಆರೈಕೆ ಮನೆಯಲ್ಲಿ ಅವನ ಅಣ್ಣ ಕ್ಲೈಡ್ ಪ್ರತಿ ಭಾನುವಾರ ಹನ್ನೊಂದಕ್ಕೆ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕಾಯುತ್ತಿದ್ದ. ವರ್ಷಪೂರ್ತಿ ಡೆಲ್ಮರ್‌ನನ್ನು ಅಲ್ಲಿಗೆ ಕರೆದೊಯ್ದವಳು, ಗಾಜು ಕಳೆದುಕೊಂಡ ಅದೇ ಲೊರೆಟಾ. ವಾಪಸ್ ಬರುವಷ್ಟರಲ್ಲಿ ಅವಳ ಬಲ ಮೊಣಕಾಲು ಬನ್ನಿನ ಹಾಗೆ ಊದಿಕೊಳ್ಳುತ್ತಿತ್ತು. ಈ ಭಾನುವಾರ ತಾನು ಓಡಿಸಬೇಕು, ಅವಳು ಪಕ್ಕದಲ್ಲಿ ಕಾಲು ಚಾಚಿ ನಿದ್ದೆ ಮಾಡಬೇಕು. ಡೆಲ್ಮರ್‌ಗೆ ಬೇಕಾಗಿದ್ದದ್ದು ಅಷ್ಟೇ. ಹಾಗಾಗಿ ಅವಳಿಗೆ ತಿಳಿಯದಂತೆ ಆನ್‌ಲೈನಿನಲ್ಲಿ ಮುಗಿಸೋಣವೆಂದು ಅದೇ ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಗ್ರಂಥಾಲಯಕ್ಕೆ ಹೋದ.

ಗ್ರಂಥಾಲಯದ ಬೆವ್ ಪಕ್ಕದಲ್ಲಿ ಕೂತಳು. ಅಲ್ಲಿನ ಕಂಪ್ಯೂಟರ್ ಅರ್ಧ ಗಂಟೆಗೊಮ್ಮೆ ಯಾರೇ ಇರಲಿ ಹೊರಗೆ ತಳ್ಳುತ್ತಿತ್ತು. ಡೆಲ್ಮರ್ ತನ್ನ ಹೆಸರು, ವಿಳಾಸ, ಹುಟ್ಟಿದ ದಿನವನ್ನು ನಾಲ್ಕು ಸಲ ಬರೆದ. ಕೊನೆಗೊಂದು ಪ್ರಶ್ನೆಯ ಮುಂದೆ ನಿಂತುಬಿಟ್ಟ.

"ಯಾವುದಕ್ಕೆ ಡಿಕ್ಕಿ ಹೊಡೆದಿರಿ ಅಂತ ಕೇಳ್ತಿದೆ. ವಾಹನ, ಮನುಷ್ಯ, ಪ್ರಾಣಿ, ಇತರೆ. ವಿಮಾ ಕಚೇರಿ ಅಂತ ಇಲ್ವಲ್ಲಮ್ಮ."

"'ಇತರೆ' ಒತ್ತಿ."

"ಇತರೆ ಅಂದ್ರೆ ಲೊರೆಟಾಗೆ ಬೇಜಾರಾಗಲ್ವಾ?"

"ಅವರು ನೋಡಲ್ಲ, ಒತ್ತಿ ಮಾರಾಯ್ರೇ! ಅರ್ಧ ಗಂಟೆ ಆಗ್ತಾ ಬಂತು."

ಒತ್ತಿದ. ಬೆವ್ ಕೆಳಗಿನ ಸಣ್ಣ ಅಕ್ಷರವನ್ನು ಓದಿ ಹೇಳಿದಳು: "ಕೇಳಿಸ್ಕೊಳ್ಳಿ. ಎರಡು ವರ್ಷದೊಳಗೆ ಈ ವಿಮೆ ಒಂದು ದಿನ ನಿಂತ್ರೂ ಕಂಪನಿಯೋರು ಆ ಕ್ಷಣಕ್ಕೇ ಸರ್ಕಾರಕ್ಕೆ ತಿಳಿಸ್ತಾರಂತೆ. ಲೈಸೆನ್ಸ್ ಮತ್ತೆ ತೊಂಬತ್ತು ದಿನ ಬಂದ್."

"ಇಷ್ಟು ಕಷ್ಟಪಟ್ಟು ಮಾಡಿಸಿದ್ದನ್ನ ನಾನ್ಯಾಕಮ್ಮ ನಿಲ್ಲಿಸ್ಲಿ?"

ಹನ್ನೊಂದು ಇಪ್ಪತ್ತಕ್ಕೆ ಸರ್ಕಾರದ ಪುಟದಲ್ಲಿ ಅವನ ಹೆಸರಿನ ಮುಂದೆ 'ಲೈಸೆನ್ಸ್ ಚಾಲ್ತಿಯಲ್ಲಿದೆ' ಎಂದು ಹಸಿರು ಬಣ್ಣ ಬಂತು. ಡೆಲ್ಮರ್ ಅದನ್ನು ಮುದ್ರಿಸಿ, ಮಡಚಿ, ಎದೆಯ ಜೇಬಿಗೆ ಇಟ್ಟುಕೊಂಡ.

ಅವನು ಊಟದ ಹೋಟೆಲಿಗೆ ಬರುವ ಮೊದಲೇ ಸುದ್ದಿ ಬಂದು ಕೂತಿತ್ತು. ಊರಿನ ಪೊಲೀಸು, ಶೆರಿಫನ ಡೆಪ್ಯುಟಿ ರಸ್ಟಿ, ಡೆಲ್ಮರ್‌ನ ಬಾಲ್ಯದ ಗೆಳೆಯ, ಫೋರ್ಕು ಹಿಡಿದು ಕಾಯುತ್ತಿದ್ದ.

"ಶಭಾಷ್ ಕಣಯ್ಯಾ. ಮೂವತ್ತೊಂದು ವರ್ಷದಿಂದ ಊರಿಗೆಲ್ಲ ವಿಮೆ ಮಾಡ್ಸಿದೋಳು ಇಲ್ಲೇ ಎದುರು ಕಚೇರೀಲಿ ಕೂತಿದ್ದಾಳೆ. ನೀನು ಹೋಗಿ ಕಂಪ್ಯೂಟರ್ ಕಾಲು ಹಿಡಿದ್ಯಾ?"

"ಅವಳಿಗೆ ತೊಂದ್ರೆ ಬೇಡ ಅಂತ..."

"ಅವಳ ಗಾಜು ಒಡೆದೆ, ಅವಳ ಕಾರಲ್ಲಿ ಕೂತೆ, ಅವಳು ಕಟ್ಟಿಕೊಂಡು ಬಂದ ಸ್ಯಾಂಡ್‌ವಿಚ್ ತಿಂದೆ. ಈಗ ತೊಂದ್ರೆ ನೆನಪಾಯ್ತಾ? ಹೋಗು, ನಿನ್ನ ಬಾಯಿಂದಲೇ ಹೇಳು. ಬೇರೆಯೋರಿಂದ ಕೇಳಿದ್ರೆ ನೊಂದ್ಕೋತಾಳೆ."

ಡೆಲ್ಮರ್ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ. ಪಿಕಪ್ ಮನೆಯಲ್ಲೇ ಇತ್ತು. ಮೊದಲ ಸಲ ಓಡಿಸುವಾಗ ಪಕ್ಕದಲ್ಲಿ ಲೊರೆಟಾ ಇರಬೇಕೆಂದು ಅವನು ಅದನ್ನು ಮುಟ್ಟಿಯೇ ಇರಲಿಲ್ಲ. ಮೂರು ತುಂಡು ಪೀಚ್ ಪೈ ಕಟ್ಟಿಸಿಕೊಂಡು, ಮಧ್ಯಾಹ್ನವೆಲ್ಲ ಊರೊಳಗೆ ನಡೆದೇ ಸುತ್ತು ಹೊಡೆದು ಧೈರ್ಯ ತಂದುಕೊಂಡು, ಮೂರೂಕಾಲಿಗೆ ಕಚೇರಿಯ ಹೊಸ ಗಾಜಿನ ಬಾಗಿಲನ್ನು ತಳ್ಳಿದ.

"ಬಂದ್ಯಾ? ಬೆಳಿಗ್ಗೆಯಿಂದ ಕಾಯ್ತಿದೀನಿ," ಎಂದಳು ಲೊರೆಟಾ. "ಎಲ್ಲಿ ಹೋಗಿದ್ದೆ?"

ಅವನು ಬಾಯಿ ತೆರೆಯುವ ಮೊದಲೇ ಒಂದು ಕಾಗದ ಮುಂದೆ ಬಂತು. ಅವನ ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲ ಟೈಪಾಗಿದ್ದವು. ಡಿಕ್ಕಿಯ ಜಾಗದಲ್ಲಿ 'ನನ್ನ ಕಚೇರಿ. ನಾನು ಕ್ಷಮಿಸಿದ್ದೇನೆ' ಎಂದಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ದಿನಕ್ಕೆ ಕೆಂಪು ಸುತ್ತು.

"ಹೋದ ವಾರವೇ ಟೈಪ್ ಮಾಡಿಟ್ಟಿದೀನಿ. ಒಂದು ಸಹಿ ಹಾಕು, ಸಾಕು."

ಡೆಲ್ಮರ್‌ನ ಜೇಬಿನಲ್ಲಿದ್ದ ಹಸಿರು ಕಾಗದ ಕೆಂಡದಂತೆ ಸುಟ್ಟಿತು. ಅವನು ಸಹಿ ಹಾಕಿದ. ಲೊರೆಟಾ ಲಕೋಟೆಯ ಅಂಟು ನೆಕ್ಕಿ, ಮುಷ್ಟಿಯಿಂದ ಗುದ್ದಿ, ಅಂಚೆಯ ಬುಟ್ಟಿಗೆ ಹಾಕಿ, "ಇರು, ಪೈಗೆ ತಟ್ಟೆ ತರ್ತೀನಿ," ಎಂದು ಕುಂಟುತ್ತ ಒಳಗೆ ಹೋದಳು.

ಅವಳ ಕುಂಟು ನೋಡಿ ಡೆಲ್ಮರ್ ಕರಗಿಹೋದ. ಇವಳ ಕಾಗದ ಇರುವಾಗ ಆ ಇನ್ನೊಂದು ಯಾಕೆ? ಗೊತ್ತಾಗುವ ಮೊದಲೇ ಅಳಿಸಿಬಿಟ್ಟರಾಯಿತು. ಫೋನು ತೆಗೆದು ವಿಮಾ ಕಂಪನಿ ಕಳಿಸಿದ್ದ ಸಂದೇಶ ತೆರೆದ. ವಿಮೆ ಮಾಡಿಸಲು ಎರಡು ಗಂಟೆ ಇಪ್ಪತ್ತು ನಿಮಿಷ ಹಿಡಿದಿತ್ತು. ರದ್ದು ಮಾಡಲು ಒಂದು ಹೆಬ್ಬೆರಳು ಸಾಕಾಯಿತು. ಹೆಸರನ್ನೂ ಕೇಳಲಿಲ್ಲ.

ಲೊರೆಟಾ ತಟ್ಟೆಗಳೊಂದಿಗೆ ಬಂದಳು. "ಬೆಳಿಗ್ಗೆ ಬೆವ್ ಫೋನ್ ಮಾಡಿದ್ಲು. ಆನ್‌ಲೈನಲ್ಲಿ ಮಾಡಿಸ್ಕೊಂಡ್ಯಂತೆ. ನೀನೇ ಹೇಳ್ತೀಯ ಅಂತ ಕಾದೆ. ಇರ್ಲಿ ಬಿಡೋ, ಅದ್ಕೇನೀಗ? ನಂದು ಅಂಚೇಲಿ ತಲುಪೋಕೆ ನಾಲ್ಕು ದಿನ ಬೇಕು. ಅಲ್ಲೀವರೆಗೆ ಅದನ್ನ ಮಾತ್ರ ಮುಟ್ಟಬೇಡ."

ಡೆಲ್ಮರ್ ತನ್ನ ಹೆಬ್ಬೆರಳನ್ನು ನೋಡಿಕೊಂಡ.

ಅದೇ ಹೊತ್ತಿಗೆ ರಸ್ಟಿ ಬಾಗಿಲು ತಳ್ಳಿಕೊಂಡು ಬಂದ. ಮುಖ ಇಳಿದಿತ್ತು. "ನಿನ್ನ ಹಸಿರು ನೋಡಿ ಖುಷಿಪಡೋಣ ಅಂತ ಜೀಪಿನ ಕಂಪ್ಯೂಟರಲ್ಲಿ ನಿನ್ನ ಹೆಸರು ಹಾಕಿದೆ ಕಣೋ. ನನ್ನ ಕಣ್ಣೆದುರೇ ಕೆಂಪಾಯ್ತು. ಏನು ಮಾಡ್ದೆ? ಗಾಡಿ ಕೀ ಕೊಡು ಇಲ್ಲಿ."

ಡೆಲ್ಮರ್ ನಡೆದದ್ದನ್ನು ಹೇಳಿದ.  ರಸ್ಟಿ ದುಃಖಕ್ಕೆ ಒಂದಾದ ಮೇಲೊಂದು ಪೈ ತಿಂದ.

ಲೊರೆಟಾ ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಳು. ತೊಂಬತ್ತು ದಿನ ಎಣಿಸಿ ಒಂದೊಂದೇ ಭಾನುವಾರಕ್ಕೆ ಸುತ್ತು ಹಾಕುತ್ತ ಹೋದಳು.

"ಒಂಬತ್ತೂವರೆಗೆ ಬರ್ತೀನಿ," ಎಂದಳು. "ಈ ಸಲ ಸ್ಯಾಂಡ್‌ವಿಚ್ ನೀನು ತಾ."

ಡೆಲ್ಮರ್‌ಗೆ ಲೈಸೆನ್ಸ್ ಇದ್ದದ್ದು ನಾಲ್ಕು ಗಂಟೆ ಹತ್ತು ನಿಮಿಷ. ಅಷ್ಟರಲ್ಲಿ ಓಡಿಸಿದ್ದು ಒಂದಡಿಯೂ ಇಲ್ಲ. ಹೋದದ್ದು ಎರಡು ವಿಮೆಯಲ್ಲಿ ಒಂದು, ಹದಿಮೂರು ಭಾನುವಾರ, ಮೂರು ತುಂಡು ಪೈಯಲ್ಲಿ ಮೂರೂ.