ಪೂಜೆಗೆ ಕುಳಿತ ನಿಘಂಟು

ಇಸವಿ ಅರವತ್ತೊಂದೋ ಅರವತ್ತೆರಡೋ. ಡೈರಿ ಒಂದು ಹೇಳುತ್ತದೆ, ನೆನಪು ಇನ್ನೊಂದು. ಆದ ಅವಮಾನದ ಬಗ್ಗೆ ಮಾತ್ರ ಎರಡಕ್ಕೂ ಒಮ್ಮತವಿದೆ!

ತುಮಕೂರಿನ ನಮ್ಮ ಬೀದಿಯ ಮಹಿಳಾ ಸಮಾಜದಲ್ಲಿ ಮಹಾನವಮಿಯ ಸಂಜೆ ನನ್ನ ಮೊದಲ ಭಾಷಣ. ವಿಷಯ, 'ಪರಿಕಲ್ಪನೆ' ಎಂಬ ಪದದ ಅರ್ಥ ಮತ್ತು ಹುಟ್ಟು. ಬೀದಿಗೆಲ್ಲ ಬಿ.ಎ. ಮಾಡಿದ ಸೊಸೆ ನಾನೊಬ್ಬಳೇ. ಎಡವಿದರೆ 'ಓದಿ ಏನು ಬಂತು?' ಎನ್ನಲು ಬೀದಿ ಸಿದ್ಧವಾಗಿತ್ತು. ನನಗೇನು ಭಯ? ಮನೆಯಲ್ಲಿ ದಪ್ಪನೆಯ ನಿಘಂಟಿತ್ತಲ್ಲ!

ನವಮಿಯ ಬೆಳಿಗ್ಗೆ ನೋಡಿದರೆ, ಆ ನಿಘಂಟು ಸರಸ್ವತಿ ಪೂಜೆಯ ಪುಸ್ತಕಗಳ ರಾಶಿಯ ತಳದಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಕುಳಿತಿದೆ.

"ಅತ್ತೆ, 'ಪರಿಕಲ್ಪನೆ' ಅಂತ ಒಂದೇ ಒಂದು ಪದ ನೋಡ್ಬೇಕಿತ್ತು."

"ಪೂಜೆಗಿಟ್ಟ ಪುಸ್ತಕ ನಾಳೆ ದಶಮಿವರ್ಗೂ ಮುಟ್ಟೋ ಹಾಗಿಲ್ಲ ಕಣೇ. ರಾಶಿಯ ತಳಕ್ಕೆ ದಪ್ಪಗಿರೋದು ಬೇಕು ಅಂದಾಗ ಮೊನ್ನೆ ನೀನೇ ತಂದ್ಕೊಟ್ಟೆ ತಾನೆ?"

ಕೊಟ್ಟಿದ್ದೆ. ಮರೆತಿದ್ದೆ.

ಸೋಲುವವಳು ನಾನಲ್ಲ. ಗುಬ್ಬಿಯ ಸೋದರಮಾವನ ಮನೆಯಲ್ಲೂ ನಿಘಂಟಿದೆ ಎಂದು ಬಸ್ಸು ಹತ್ತಿದೆ. "ಬಾರೇ ಮಗು, ಹಬ್ಬದೂಟಕ್ಕೇ ಬಂದೆ!" ಎಂದು ಮಾವ ಎಲೆ ಹಾಕಿಸಿದರು. ಅವರ ನಿಘಂಟು ಚೆಂಡುಹೂ ಮುಡಿದಿತ್ತು.

ಕುಣಿಗಲ್‌ಗೆ ಓಡಿದೆ. ಅಲ್ಲಿನ ನನ್ನ ಹಳೆಯ ಮೇಷ್ಟ್ರು ಇಂಥ ಶಾಸ್ತ್ರಗಳನ್ನೆಲ್ಲ ನಂಬದವರು.

"ನಾನು ಮುಟ್ತೀನಿ ಕಣಮ್ಮ," ಎಂದರು ದನಿ ತಗ್ಗಿಸಿ. "ಆದ್ರೆ ನಮ್ಮನೆಯವಳು ನಾಳೆಯಿಂದ ನಂಗೆ ಊಟ ಹಾಕ್ಬೇಕಲ್ಲ!"

ಮೂರು ಊರುಗಳ ಸಮಸ್ತ ಜ್ಞಾನವೂ ಪೂಜೆಗೆ ಕುಳಿತಿತ್ತು. ಯಾರಿಗೂ ಏನನ್ನೂ ತಿಳಿಯುವ ಸೌಕರ್ಯವಿರಲಿಲ್ಲ!

ಸಂಜೆ ಬಸ್ಸಿನ ಧೂಳಿನ ಸಮೇತ ವೇದಿಕೆ ಹತ್ತಿದೆ. "ಕಣ್ಣಿಗೆ ಕಾಣದ, ಮನಸ್ಸು ಮಾತ್ರ ಹಿಡಿಯಬಲ್ಲ ವಿಚಾರವೇ ಪರಿಕಲ್ಪನೆ. ಈ ಪದ ಸಂಸ್ಕೃತದಿಂದ ಬಂದಿದೆ," ಎಂದೆ. ಮುಂದೆ ಏನೂ ಬರಲಿಲ್ಲ.

ಅಧ್ಯಕ್ಷೆ ಕಾದರು. ಮತ್ತೂ ಕಾದರು. "ಬಂತು, ಸರಿ ಕಣಮ್ಮ. ಬಂದು ಏನ್ ಮಾಡ್ತು?"

ಸಭೆ ಗೊಳ್ಳೆಂದಿತು. ಉಸಲಿ ಹಂಚಿಬಿಟ್ಟರು.

ಮರುದಿನ ಪೂಜೆ ಮುಗಿದದ್ದೇ ತಡ, ನಿಘಂಟನ್ನು ಎಳೆದು ತೆರೆದೆ. ಮೊದಲ ಪುಟದಲ್ಲೇ ಅಚ್ಚಾಗಿತ್ತು: 'ಮೊದಲನೆಯ ಸಂಪುಟ, ಅಕಾರದಿಂದ ನಕಾರದವರೆಗೆ.' ಪಕಾರವೇ ಇಲ್ಲ! ಮೂರು ವರ್ಷ ಮನೆಯಲ್ಲಿದ್ದ ಪುಸ್ತಕ. ಬಂದವರಿಗೆಲ್ಲ ಅದರ ದಪ್ಪ ತೋರಿಸಿದ್ದೆನೇ ಹೊರತು ತೆರೆದಿರಲಿಲ್ಲ.

ಪ್ರತಿ ಶುಕ್ರವಾರ ಅದರ ಧೂಳು ಒರೆಸಿ, ನಾಲ್ಕು ಪುಟ ತಿರುವುತ್ತಿದ್ದವರು ಅತ್ತೆ.

"ಅತ್ತೆ, ಆ ಪದ ಇದ್ರಲ್ಲಿ ಇಲ್ಲ ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ?"

ಅತ್ತೆ ಬಾಡಿದ ಹೂಗಳನ್ನು ಬುಟ್ಟಿಗೆ ತುಂಬುತ್ತಲೇ ಇದ್ದರು. ಬುಟ್ಟಿ ತುಂಬಿದ ಮೇಲೆ, ನಿಘಂಟಿನ ಧೂಳು ಒರೆಸುವ ಬಟ್ಟೆಯನ್ನು ನನ್ನ ಕೈಗಿಟ್ಟರು.